ತುಮಕೂರಿನಲ್ಲಿ ರೇಕಿ: ಯಾರ ಹತ್ರ ಹೋಗೋದು, ಹೇಗೆ ಆರಿಸೋದು?

ಕಳೆದ ವಾರ ಕ್ಯಾತ್ಸಂದ್ರದಿಂದ ಒಬ್ಬ ಅಕ್ಕ ಫೋನ್ ಮಾಡಿದ್ದರು. ಯಜಮಾನರು ತೀರಿಕೊಂಡು ಆರು ತಿಂಗಳಾಗಿದೆ. ರಾತ್ರಿ ಎರಡು ಗಂಟೆಗೆ ಎಚ್ಚರ ಆಯ್ತು ಅಂದರೆ ಮತ್ತೆ ನಿದ್ದೆ ಇಲ್ಲ. ಯಾರೋ ರೇಕಿ ಮಾಡಿಸಿಕೊಳ್ಳಿ ಅಂದರಂತೆ. ಈಗ ಅವರ ಹತ್ರ ನಾಲ್ಕು ನಂಬರ್ ಇವೆ. ಪಕ್ಕದ ಬೀದಿಯ ನಿವೃತ್ತ ಟೀಚರ್ ಒಬ್ಬರು, ಪೇಟೆಯಲ್ಲಿ ಬೋರ್ಡ್ ಹಾಕಿರೋ ಒಂದು ಸೆಂಟರ್, ಬೆಂಗಳೂರಿನ ಮಾಸ್ಟರ್ (ರೇಕಿ ಕಲಿಸುವ ಗುರು) ಒಬ್ಬರು, ಜೊತೆಗೆ ‘ನೀವು ಬರೋದೇ ಬೇಡ, ದೂರದಿಂದಲೇ ಕಳಿಸ್ತೀನಿ’ ಅನ್ನುವವರು ಒಬ್ಬರು. “ಯಾರ ಹತ್ರ ಹೋಗ್ಲಿ, ನೀನೇ ಹೇಳಮ್ಮ” ಅಂದರು.

ಈ ಪ್ರಶ್ನೆ ನನಗೆ ಮೊದಲೂ ಬಂದಿದೆ. ಫೋನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಎರಡು ವರ್ಷ ಆಗಾಗ ರೇಕಿ ಮಾಡಿಸಿಕೊಂಡಿದ್ದೇನೆ. ಫಸ್ಟ್ ಡಿಗ್ರಿ, ಅಂದರೆ ರೇಕಿಯ ಮೊದಲ ಹಂತ, ಕಲಿತಿದ್ದೇನೆ. ನಮ್ಮ ಮನೆಯವರೇ ಒಬ್ಬರು ತಪ್ಪು ಜಾಗಕ್ಕೆ ಹೋಗಿ ಆಸ್ಪತ್ರೆ ಸೇರಿದ್ದನ್ನೂ ನೋಡಿದ್ದೇನೆ.

ಮೊದಲು ಇದು ಏನು ಅಂತ ತಿಳಿದಿರಲಿ. ಮೈಮೇಲೆ ಹಗುರವಾಗಿ ಕೈ ಇಟ್ಟೋ, ಸ್ವಲ್ಪ ಮೇಲೆ ಹಿಡಿದೋ ಕೈಯಿಂದ ಶಕ್ತಿ ಹರಿಸುತ್ತೇವೆ ಅನ್ನುವ ಪದ್ಧತಿ ರೇಕಿ. ರೇಕಿ ನಮ್ಮ ಋಷಿಗಳ ವಿದ್ಯೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಜಪಾನಿನ ಮಿಕಾವೋ ಉಸುಯಿ 1922ರಲ್ಲಿ ಕ್ಯೋಟೋ ಹತ್ತಿರದ ಕುರಾಮ ಬೆಟ್ಟದಲ್ಲಿ ಉಪವಾಸ ಕೂತು, ಅದಾದ ಮೇಲೆ ಕಲಿಸಲು ಶುರು ಮಾಡಿದ ಪದ್ಧತಿ ಇದು. ಅವರು 1926ರಲ್ಲಿ ತೀರಿಕೊಂಡರು. ಅವರ ಶಿಷ್ಯ ಚುಜಿರೋ ಹಯಾಶಿ ನೌಕಾಪಡೆಯಲ್ಲಿದ್ದ ವೈದ್ಯರು. ಹಯಾಶಿಯವರ ಹತ್ತಿರ ಕಲಿತ ಹವಾಯಿಯ ಹವಾಯೋ ತಕಾತಾ ಇದನ್ನು ಜಪಾನಿನ ಆಚೆಗೆ ತಂದರು. ಏಳು ಚಕ್ರಗಳ ಮಾತೆಲ್ಲ ಆಮೇಲೆ ಸೇರಿಕೊಂಡಿದ್ದು.

ಸೆಷನ್ ಅಂದರೆ ಹೇಗಿರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಮೊದಲನೆಯದು ಒಬ್ಬ ಟೀಚರ್ ಮನೆಯ ಹಿಂದಿನ ರೂಮಲ್ಲಿ. ದಿವಾನದ ಮೇಲೆ ಒಗೆದ ಕಾಟನ್ ಬೆಡ್‌ಶೀಟ್ ಹಾಸಿದ್ದರು. ಗೋಡೆ ಗಡಿಯಾರದ ಸೆಲ್ ತೆಗೆದು ಪಕ್ಕಕ್ಕೆ ಇಟ್ಟಿದ್ದರು, ಟಿಕ್ ಟಿಕ್ ಸದ್ದು ಬೇಡ ಅಂತ. ನಾನು ಚೂಡಿದಾರದಲ್ಲೇ ಮಲಗಿದೆ. ಕಣ್ಣ ಮೇಲೆ ಒಂದು ಕರ್ಚೀಫ್ ಹಾಕಿ, ಅದರ ಮೇಲೆ ಹಗುರವಾಗಿ ಕೈ ಇಟ್ಟರು. ಅಂಗೈ ಬೆಚ್ಚಗಿತ್ತು. ಐದು ನಿಮಿಷ ಕೈ ಅಲ್ಲೇ ಇತ್ತು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ಆಮೇಲೆ ಕೈ ಕಿವಿಯ ಕಡೆ ಹೋಯಿತು, ತಲೆ ಹಿಂದಕ್ಕೆ ಹೋಯಿತು. ಕತ್ತಿನ ಹತ್ತಿರ ಬಂದಾಗ ಮೆಲ್ಲಗೆ ಕೇಳಿದರು, “ಇಲ್ಲಿ ಮುಟ್ಟಬಹುದೇನಮ್ಮ? ಇಲ್ಲಾಂದ್ರೆ ಮೇಲೇ ಹಿಡೀತೀನಿ.” ಹೊಟ್ಟೆಯ ಹತ್ತಿರ ಕೈ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು.

ಅವರ ಕೈಯಿಂದ ಏನಾದರೂ ಹರಿಯಿತಾ? ಅದನ್ನು ಅಳೆದು ತೋರಿಸಿದವರು ಯಾರೂ ಇಲ್ಲ. ರೇಕಿಯಿಂದ ಕಾಯಿಲೆ ವಾಸಿಯಾಗುತ್ತೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆತಂಕ, ಖಿನ್ನತೆಗೆ ಇದು ಉಪಯೋಗವೇ ಅಂತ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 2015ರಲ್ಲಿ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದರು. ಹೌದು ಅನ್ನಲೂ ಇಲ್ಲ ಅನ್ನಲೂ ಸಾಕಾಗುವಷ್ಟು ಪುರಾವೆ ಸಿಗಲಿಲ್ಲ ಅಂದರು. ಆದರೆ ನನಗೆ ಸಿಕ್ಕಿದ್ದು ಸುಳ್ಳಲ್ಲ. ಒಂದು ಗಂಟೆ ಯಾರೂ ನನ್ನನ್ನು ಕರೆಯಲಿಲ್ಲ. ಫೋನ್ ಇರಲಿಲ್ಲ. ಹಾಲು ಉಕ್ಕುತ್ತೆ ಅನ್ನುವ ಯೋಚನೆ ಇರಲಿಲ್ಲ. ಒಬ್ಬರು ನನಗೋಸ್ಕರವೇ ಸುಮ್ಮನೆ ಕೂತಿದ್ದರು. ಮನೆ ನೋಡಿಕೊಳ್ಳುವ ಹೆಂಗಸರಿಗೆ ಇಂಥ ಒಂದು ಗಂಟೆ ಎಷ್ಟು ಸಲ ಸಿಗುತ್ತೆ ಹೇಳಿ. ನಾವು ದುಡ್ಡು ಕೊಡುವುದು ಆ ಗಂಟೆಗೆ. ಅದಕ್ಕೇ ನಾನು ಶಕ್ತಿ ಎಷ್ಟಿದೆ ಅಂತ ಕೇಳುವುದಿಲ್ಲ, ಆ ಮನುಷ್ಯರು ಎಂಥವರು ಅಂತ ನೋಡುತ್ತೇನೆ.

ಯಾವ ಲೆಕ್ಕದಲ್ಲಿ ತೂಗಬೇಕು?

ಎಲ್ಲಕ್ಕಿಂತ ಮೊದಲನೆಯದು, ಡಾಕ್ಟರ್ ಕೊಟ್ಟ ಮಾತ್ರೆ ಬಿಡಿಸಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗುಬ್ಬಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ. ಮಂಡಿನೋವು ಅಂತ ಒಬ್ಬರ ಹತ್ತಿರ ರೇಕಿಗೆ ಹೋಗಲು ಶುರು ಮಾಡಿದರು. ನಾಲ್ಕನೇ ಸಲಕ್ಕೆ ಅವರು ಹೇಳಿದರಂತೆ, “ಇಷ್ಟೊಂದು ಮಾತ್ರೆ ನುಂಗಿದ್ರೆ ಶಕ್ತಿ ಹೆಂಗೆ ಹರಿಯುತ್ತೆ ಅಮ್ಮ?” ಬಿಡಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ಚಿಕ್ಕಮ್ಮ ಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ವಾರಕ್ಕೆ ವಿಪರೀತ ಬಾಯಾರಿಕೆ. ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಎದ್ದು ಹೋಗುವುದು. ಅದನ್ನು ಹೇಳಿದಾಗ ಬಂದ ಉತ್ತರ, “ಒಳಗಿನ ಕಲ್ಮಶ ಹೊರಗೆ ಹೋಗ್ತಿದೆ, ಒಳ್ಳೇ ಲಕ್ಷಣ.” ಕಾಲಿನ ಹೆಬ್ಬೆರಳ ಹತ್ತಿರ ಚಪ್ಪಲಿ ಕಚ್ಚಿದ ಗಾಯ ಒಣಗದೆ ಕಪ್ಪಾಗಿತ್ತು. ಹಬ್ಬಕ್ಕೆ ಹೋದಾಗ ಅದನ್ನು ನೋಡಿದ್ದು ನಾನು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಶುಗರ್ 420 ಇತ್ತು. ಬೆರಳು ಉಳಿಯಿತು, ಆದರೆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಆ ‘ಕಲ್ಮಶ ಹೊರಗೆ ಹೋಗ್ತಿದೆ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ನಿದ್ದೆ ಬಂದರೆ ರೇಕಿ ಕೆಲಸ ಮಾಡಿತು. ತಲೆ ಸುತ್ತಿದರೂ ರೇಕಿಯೇ ಕೆಲಸ ಮಾಡುತ್ತಿದೆ. ಹೀಗೆ ಮಾತಾಡುವವರಿಗೆ ನಿಮ್ಮ ಕಷ್ಟ ಯಾವತ್ತೂ ಕಾಣುವುದಿಲ್ಲ. ಒಳ್ಳೆಯವರು ಏನನ್ನುತ್ತಾರೆ ಗೊತ್ತಾ? “ತಲೆ ಸುತ್ತುತ್ತಾ? ಇವತ್ತು ಬೇಡ. ಮೊದಲು ಬಿಪಿ ತೋರಿಸ್ಕೊಂಡು ಬನ್ನಿ.”

ಎರಡನೆಯದು, ರೋಗ ಹೇಳಬಾರದು. ಕೈ ಆಡಿಸಿ ‘ನಿಮ್ಮ ಲಿವರ್ ಹತ್ರ ಬ್ಲಾಕ್ ಇದೆ’, ‘ಗರ್ಭಕೋಶದ ಕಡೆ ತಣ್ಣಗಿದೆ’ ಅನ್ನುವವರಿಂದ ಎದ್ದು ಬನ್ನಿ. ರೇಕಿಗೆ ದಾಯಾದಿಯಂಥ ಒಂದು ಪದ್ಧತಿ ಅಮೆರಿಕದಲ್ಲಿದೆ, ಥೆರಪ್ಯುಟಿಕ್ ಟಚ್ ಅಂತ. ಅದನ್ನು ಮಾಡುವವರೂ ಎದುರಿನವರ ಶಕ್ತಿ ಕೈಗೆ ಗೊತ್ತಾಗುತ್ತೆ ಅನ್ನುತ್ತಿದ್ದರು. ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅದನ್ನೇ ಪರೀಕ್ಷೆ ಮಾಡಿದಳು. ನಡುವೆ ಒಂದು ರಟ್ಟಿನ ಮರೆ. ಆ ಕಡೆಯಿಂದ ಅವರು ಎರಡೂ ಕೈ ಚಾಚಬೇಕು. ಈ ಕಡೆ ಇವಳು ಯಾವುದಾದರೂ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಎಡಗೈ ಮೇಲೋ ಬಲಗೈ ಮೇಲೋ ಅಂತ ಅವರು ಹೇಳಬೇಕು. 21 ಜನ ಪ್ರಯತ್ನಿಸಿದರು. ನೂರಕ್ಕೆ 44 ಸಲ ಸರಿ ಹೇಳಿದರು. ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದರೂ ಐವತ್ತರ ಹತ್ತಿರ ಬರಬೇಕಿತ್ತು ಅಲ್ವಾ? 1998ರಲ್ಲಿ ಅದು ಅಮೆರಿಕದ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲೇ ಅಚ್ಚಾಯಿತು. ಎದುರಿಗಿರುವ ಕೈಯೇ ಗೊತ್ತಾಗದಿದ್ದರೆ ಒಳಗಿರುವ ಲಿವರ್ ಹೇಗೆ ಗೊತ್ತಾಗಬೇಕು?

ಮುಟ್ಟುವ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ರೇಕಿಗೆ ಬಟ್ಟೆ ತೆಗೆಯುವ ಅಗತ್ಯ ಎಂದೂ ಇಲ್ಲ. ಎದೆ, ತೊಡೆಯ ಮೇಲೆ ಕೈ ಇಡುವ ಅಗತ್ಯವೂ ಇಲ್ಲ, ಒಂದು ಗೇಣು ಮೇಲೇ ಹಿಡಿಯಬಹುದು. ಜೊತೆಗೆ ಮಗಳೋ ಅತ್ತಿಗೆಯೋ ಕೂರುತ್ತಾರೆ ಅಂದರೆ ಒಪ್ಪಬೇಕು. ‘ಬೇರೆಯವರಿದ್ರೆ ಶಕ್ತಿ ಬರಲ್ಲ’ ಅಂದರೆ ಅಲ್ಲಿ ಮಲಗಬೇಡಿ.

ಹಣ ಆಯಾ ಸಲದ್ದು ಆಯಾ ಸಲ ಕೊಡುವಂತಿರಬೇಕು. ಭಾಷೆಯೂ ಮುಖ್ಯ. ಸಂಕಟ ಹೇಳಿಕೊಳ್ಳುವುದು ನಮ್ಮ ಮಾತಲ್ಲೇ ಆಗಬೇಕು.

ಸರ್ಟಿಫಿಕೇಟ್‌ಗೆ ನಾನು ಕಡಿಮೆ ಬೆಲೆ ಕೊಡುತ್ತೇನೆ. ತಕಾತಾ 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಾಸ್ಟರ್ ಮಾಡಿದ್ದು ಇಪ್ಪತ್ತೆರಡೇ ಜನರನ್ನು. ಈಗ ಶನಿವಾರ ಭಾನುವಾರ ಕೂತು ಮಾಸ್ಟರ್ ಆಗಿಬಿಡಬಹುದು. ಫಸ್ಟ್ ಡಿಗ್ರಿ ಅಂದರೆ ಒಂದೆರಡು ದಿನದ ಪಾಠ, ದೀಕ್ಷೆ. ‘ಸರ್ಕಾರಿ ಮಾನ್ಯತೆ ಇದೆ’ ಅನ್ನುವ ಬೋರ್ಡ್ ಕಂಡರೆ ಯಾವ ಮಾನ್ಯತೆ ಅಂತ ಕೇಳಿ. ಕೇಂದ್ರ ಸರ್ಕಾರದ ಆಯುಷ್ ಪಟ್ಟಿಯಲ್ಲಿ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆ, ಯುನಾನಿ, ಸಿದ್ಧ, ಸೋವಾ ರಿಗ್ಪಾ, ಹೋಮಿಯೋಪತಿ ಇವೆ. ರೇಕಿ ಇಲ್ಲ. ಸರ್ಟಿಫಿಕೇಟ್‌ಗಿಂತ ‘ಎಷ್ಟು ವರ್ಷದಿಂದ ಮಾಡ್ತಿದ್ದೀರಿ, ಯಾರ ಹತ್ರ ಕಲಿತ್ರಿ’ ಅನ್ನುವುದೇ ಒಳ್ಳೆಯ ಪ್ರಶ್ನೆ.

ಈಗ ಒಬ್ಬೊಬ್ಬರನ್ನೇ ನೋಡೋಣ

ಮನೆಯಲ್ಲೇ ಮಾಡುವವರು ನಮ್ಮಲ್ಲಿ ಸಿಗುತ್ತಾರೆ. ನಿವೃತ್ತ ಟೀಚರ್, ಬ್ಯಾಂಕಿನಲ್ಲಿದ್ದವರು, ಮಕ್ಕಳು ಬೆಂಗಳೂರು ಸೇರಿದ ಮೇಲೆ ಬಿಡುವಾದ ಗೃಹಿಣಿಯರು. ಇವರಿಗೆ ಇದು ಹೊಟ್ಟೆಪಾಡಲ್ಲ, ಹಾಗಾಗಿ ನಿಧಾನವಾಗಿ ಮಾಡುತ್ತಾರೆ. ನನ್ನ ಟೀಚರ್ ಒಂದು ಸಲಕ್ಕೆ 300 ತಗೊಳ್ಳುತ್ತಿದ್ದರು. ಕೆಲವರು ಎಲೆ ಅಡಿಕೆ ಜೊತೆ ಎಷ್ಟಿಟ್ಟರೂ ಸರಿ ಅನ್ನುತ್ತಾರೆ. ಮಾತಾಡಿಸುವ ರೀತಿಯಲ್ಲೂ ಮನೆಯವರ ಹಾಗೇ.

ಆದರೆ ಎರಡು ತೊಡಕು. ತುಮಕೂರು ಎಷ್ಟು ಬೆಳೆದರೂ ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಅತ್ತಿದ್ದು, ಸೊಸೆಯ ಬಗ್ಗೆ ಹೇಳಿಕೊಂಡಿದ್ದು ಯಾವುದೋ ಮದುವೆಮನೆಯಲ್ಲಿ ನಿಮ್ಮ ಕಿವಿಗೇ ಬೀಳಬಹುದು. ಅದಕ್ಕೇ ನಿಮ್ಮ ಬೀದಿಯವರು ಬೇಡ, ಎರಡು ಬಡಾವಣೆ ಆಚೆಯವರು ಇರಲಿ. ಅಶೋಕನಗರದವರು ಬಟವಾಡಿಗೆ ಹೋದರೆ ಆಟೋ ಖರ್ಚು ಜಾಸ್ತಿ, ಮನಸ್ಸಿಗೆ ನಿರಾಳ. ಅವರು ಮಾತಿನ ನಡುವೆ ಬೇರೆಯವರ ಕತೆ ಹೇಳಿದರೆ ಅರ್ಥ ಮಾಡಿಕೊಳ್ಳಿ, ನಿಮ್ಮ ಕತೆಯೂ ಇನ್ನೊಬ್ಬರಿಗೆ ಹೋಗುತ್ತೆ. ಇನ್ನೊಂದು ತೊಡಕು ದಾಕ್ಷಿಣ್ಯ. ಕಾಫಿ ಕೊಟ್ಟು, ಹೂವು ಕೊಟ್ಟು ಕಳಿಸುವ ಮನೆಗೆ ‘ಇನ್ನು ಬರಲ್ಲ’ ಅನ್ನುವುದು ಕಷ್ಟ. ನಾನೇ ಆರು ತಿಂಗಳು ಜಾಸ್ತಿ ಹೋದೆ.

ಬೋರ್ಡ್ ಹಾಕಿರುವ ಸೆಂಟರ್‌ಗಳಲ್ಲಿ ಆ ದಾಕ್ಷಿಣ್ಯ ಇಲ್ಲ. ಟೈಮ್ ಕೊಡುತ್ತಾರೆ, ರಸೀದಿ ಕೊಡುತ್ತಾರೆ, ರಿಸೆಪ್ಷನ್‌ನಲ್ಲಿ ಜನ ಇರುತ್ತಾರೆ. ಒಬ್ಬರೇ ಹೋಗುವ ಹುಡುಗಿಯರಿಗೆ ಅದು ಒಂದು ಧೈರ್ಯ. ನಾನು ಹೋದ ಕಡೆ ಒಂದು ಗಂಟೆಗೆ 800 ಇತ್ತು. ಆದರೆ ಬಾಡಿಗೆ, ಕರೆಂಟು, ಸಂಬಳ ಎಲ್ಲ ಅದರಿಂದಲೇ ಬರಬೇಕಲ್ಲ. ಹಾಗಾಗಿ ಮೊದಲ ದಿನವೇ ಹತ್ತು ಸೆಷನ್ ಪ್ಯಾಕೇಜ್ ಮಾತು ಬರುತ್ತೆ. ಆಮೇಲೆ ಸ್ಫಟಿಕದ ಮಾಲೆ, ಟ್ಯಾರೋ, ವಾಸ್ತು. ಒಂದೇ ಬೋರ್ಡಿನಲ್ಲಿ ಹೆಸರುಗಳು ಜಾಸ್ತಿಯಾದಷ್ಟೂ ನಿಮ್ಮ ಪರ್ಸ್ ಮುಚ್ಚಿಟ್ಟುಕೊಳ್ಳಿ. ಒಂದೊಂದು ಸಲ ಒಬ್ಬೊಬ್ಬರು ಬಂದು ಮಾಡಿದರೂ ಉಪಯೋಗವಿಲ್ಲ. ಪ್ರತಿ ಸಲ ಅವರೇ ಬೇಕು ಅಂತ ಕೇಳಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಲಕ್ವ ವಾಸಿ ಮಾಡ್ತೀವಿ ಅಂತ ಗೋಡೆಯ ಮೇಲೆ ಬರೆದಿದ್ದರೆ ಒಳಗೆ ಹೋಗಲೇಬೇಡಿ. ಇಂಥ ಪವಾಡದ ಜಾಹೀರಾತುಗಳನ್ನು ತಡೆಯಲೆಂದೇ 1954ರಿಂದ ಕಾಯ್ದೆ ಇದೆ.

ಮೂರನೇ ಬಗೆಯವರನ್ನು ಜನ ಮರೆತುಬಿಡುತ್ತಾರೆ. ಯೋಗ ಶಿಕ್ಷಕರು, ಫಿಸಿಯೋಥೆರಪಿಯವರು, ಪ್ರಕೃತಿ ಚಿಕಿತ್ಸೆಯ ವೈದ್ಯರು. ಇವರಲ್ಲಿ ಕೆಲವರು ರೇಕಿಯನ್ನೂ ಕಲಿತಿರುತ್ತಾರೆ. ಮೈನೋವು, ಸೊಂಟ, ಮಂಡಿ ಅಂತ ಹೋಗುವವರಿಗೆ ನಾನು ಇವರನ್ನೇ ಹೇಳುತ್ತೇನೆ. ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಮಾಡಿದವರು ಐದೂವರೆ ವರ್ಷ ಓದಿ ಬಂದಿರುತ್ತಾರೆ. ನೋವು ಬೇರೆ ಥರ ಕಂಡರೆ ‘ಎಕ್ಸ್‌ರೇ ಮಾಡಿಸಿ’ ಅನ್ನುವಷ್ಟು ತಿಳಿವಳಿಕೆ ಇರುತ್ತೆ. ಕಡಿಮೆಯಾಗಿದ್ದು ವ್ಯಾಯಾಮದಿಂದಲೋ ರೇಕಿಯಿಂದಲೋ ಅಂತ ಗೊತ್ತಾಗುವುದಿಲ್ಲ, ಆಗದಿದ್ದರೂ ಚಿಂತೆಯಿಲ್ಲ. ಕೊರತೆ ಅಂದರೆ ಇವರಿಗೆ ಟೈಮ್ ಕಡಿಮೆ. ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ದುಃಖ ಹೊತ್ತು ಹೋದವರಿಗೆ ಅದು ಸಾಲುವುದಿಲ್ಲ.

ಬೆಂಗಳೂರಿನ ಮಾಸ್ಟರ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಪ್ಪತ್ತು ಕಿಲೋಮೀಟರ್ ಅಂದರೆ ಹತ್ತಿರವೇ ಅನ್ನಿಸುತ್ತೆ. ಯಶವಂತಪುರದಲ್ಲಿ ಇಳಿದು, ಅಲ್ಲಿಂದ ಮೆಟ್ರೋ ಹಿಡಿದು, ಮತ್ತೆ ಆಟೋ ಹತ್ತಿ ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತೆ. ವಾಪಸ್ ಬರುವಾಗ ಟ್ರೈನಲ್ಲಿ ನಿಂತುಕೊಂಡು ಬಂದರೆ ಆರಾಮ ಅಲ್ಲೇ ಕರಗಿಹೋಯಿತು. ಕಲಿಯುವುದಕ್ಕೆ ಒಂದೆರಡು ಸಲ ಹೋಗಿ, ವಾರ ವಾರ ಬೇಡ.

ದೂರದಿಂದ ಕಳಿಸುವ ರೇಕಿ ಸೆಕೆಂಡ್ ಡಿಗ್ರಿಯಲ್ಲಿ ಕಲಿಸುವ ವಿಷಯ. ಮೋಸ ಅಂತಲೇ ಎಲ್ಲರೂ ಮಾಡುವುದಿಲ್ಲ, ನಂಬಿ ಮಾಡುವವರಿದ್ದಾರೆ. ಆದರೆ ನಾನು ಹೇಳಿದ ಆ ಒಂದು ಗಂಟೆ ಇಲ್ಲಿ ಇಲ್ಲವೇ ಇಲ್ಲ. ಅವರು ಕೂತು ಮಾಡಿದರೋ ಇಲ್ಲವೋ ಅಂತ ತಿಳಿಯುವ ದಾರಿಯೂ ಇಲ್ಲ. ಫೋಟೋ, ಹುಟ್ಟಿದ ದಿನ, ಮನೆ ವಿಷಯ ಎಲ್ಲ ಪರಿಚಯವೇ ಇಲ್ಲದವರ ಫೋನಿಗೆ ಹೋಗುತ್ತೆ. ದುಡ್ಡು ಕೊಟ್ಟು ಇದನ್ನು ಮಾಡಿಸಿಕೊಳ್ಳಿ ಅಂತ ನಾನು ಯಾರಿಗೂ ಹೇಳಲಾರೆ.

ಕೊನೆಯದು, ನೀವೇ ಕಲಿಯುವುದು. ನಾನು ಎರಡು ದಿನದ ಫಸ್ಟ್ ಡಿಗ್ರಿಗೆ 3000 ಕೊಟ್ಟೆ. ಮನೆಯಲ್ಲಿ ಮಾಡುವವರ ಹತ್ತಿರ ವಾರಕ್ಕೊಂದು ಸಲ ಹೋದರೆ ಹತ್ತು ವಾರಕ್ಕೆ ಅಷ್ಟಾಗುತ್ತೆ, ಸೆಂಟರ್‌ನಲ್ಲಿ ನಾಲ್ಕು ವಾರವೂ ಬರುವುದಿಲ್ಲ. ಕಲಿತದ್ದು ಜೊತೆಗೇ ಇರುತ್ತೆ. ಈಗಲೂ ರಾತ್ರಿ ಮಲಗಿ ಕಣ್ಣ ಮೇಲೆ ಕೈ ಇಟ್ಟುಕೊಂಡು, ಉಸುಯಿ ಹೇಳಿದ ‘ಇವತ್ತಿನ ಮಟ್ಟಿಗೆ ಸಿಟ್ಟು ಬೇಡ, ಇವತ್ತಿನ ಮಟ್ಟಿಗೆ ಚಿಂತೆ ಬೇಡ’ ಅನ್ನುವುದನ್ನು ಹೇಳಿಕೊಳ್ಳುತ್ತೇನೆ. ಆದರೆ ಮನೆಯಲ್ಲಿ ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಳ್ಳಲು ಆಗದವರಿಗೆ ಇದು ಆಗುವುದಿಲ್ಲ. ತೀರಾ ಸಂಕಟದಲ್ಲಿರುವವರಿಗೂ ಅಷ್ಟೇ. ಅವರಿಗೆ ಬೇಕಾದ್ದು ಇನ್ನೊಬ್ಬರ ಕೈ. ಫಸ್ಟ್ ಡಿಗ್ರಿ ಮುಗಿದ ಕೂಡಲೇ ‘ಸೆಕೆಂಡ್ ಮಾಡಿ, ಮಾಸ್ಟರ್ ಮಾಡಿ’ ಅಂತ ಒತ್ತಾಯ ಶುರುವಾಗುತ್ತೆ. ಆರು ತಿಂಗಳು ಸುಮ್ಮನಿರಿ.

ಯಾರಿಗೆ ಯಾವುದು?

ನಿದ್ದೆ ಇಲ್ಲದವರು, ಯಾರನ್ನೋ ಕಳೆದುಕೊಂಡವರು ಮನೆಯಲ್ಲಿ ಮಾಡುವ ವಯಸ್ಸಾದವರ ಹತ್ತಿರ ಹೋಗಿ. ಒಬ್ಬರೇ ಹೋಗುವ ಚಿಕ್ಕ ವಯಸ್ಸಿನವರಿಗೆ ಸೆಂಟರ್ ವಾಸಿ, ಪ್ಯಾಕೇಜ್ ಮಾತ್ರ ಬೇಡ. ಪಿಯುಸಿ, ಸಿಇಟಿ ಅಂತ ಹೆದರಿರುವ ಮಕ್ಕಳಿಗೆ ನಾನು ರೇಕಿಗಿಂತ ಮೊದಲು ಯೋಗ ತರಗತಿ ಹೇಳುತ್ತೇನೆ. ಕಳಿಸಿದರೂ ನೀವು ಜೊತೆಗೆ ಕೂತಿರಿ.

ಕಿದ್ವಾಯಿ ಆಸ್ಪತ್ರೆಗೆ ಓಡಾಡುತ್ತಿರುವ ಮನೆಗಳಿಂದಲೂ ನನಗೆ ಫೋನ್ ಬಂದಿದೆ. ಕೀಮೋ ಆಗುತ್ತಿರುವವರಿಗೆ ರೇಕಿ ಕೊಡಿಸಬೇಕೆಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಮನೆಗೇ ಬರುವವರನ್ನು ಕರೆಯಿರಿ. ಅವರಿಗೆ ನೆಗಡಿ ಜ್ವರ ಇದ್ದ ದಿನ ಬೇಡ ಅನ್ನಿ. ಕೀಮೋ ತಾರೀಖು ಒಂದು ದಿನವೂ ಮುಂದೆ ಹೋಗಬಾರದು. ಇನ್ನೊಂದು ಮಾತು, ಅವರ ಪಕ್ಕದಲ್ಲಿ ರಾತ್ರಿಯೆಲ್ಲ ಎದ್ದಿರುವ ಹೆಂಡತಿಗೋ ಮಗಳಿಗೋ ಕೂಡ ಒಂದು ಸೆಷನ್ ಕೊಡಿಸಿ. ಅವರನ್ನು ಯಾರೂ ಕೇಳಿರುವುದಿಲ್ಲ.

ಬದುಕೇ ಬೇಡ ಅನ್ನಿಸುತ್ತಿದ್ದರೆ, ವಾರಗಟ್ಟಲೆ ಊಟ ನಿದ್ದೆ ಬಿಟ್ಟುಹೋಗಿದ್ದರೆ ಮೇಲಿನ ಯಾರೂ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಯಾವ ಹೊತ್ತಿಗಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇಲ್ಲವೇ ಜಿಲ್ಲಾಸ್ಪತ್ರೆಗೆ ಹೋಗಿ ಮಾನಸಿಕ ವೈದ್ಯರನ್ನು ನೋಡಿ.

ನಂಬರ್ ಕೈಯಲ್ಲಿದ್ದವರು ಹೀಗೆ ಮಾಡಿ. ಫೋನಲ್ಲೇ ಕೇಳಿ, “ನಾನು ಬಿಪಿ ಮಾತ್ರೆ ತಗೊಳ್ತೀನಿ, ಏನು ಮಾಡ್ಲಿ?” ಬೇರೆ ಕಾಯಿಲೆಯಿದ್ದರೆ ಅದರ ಹೆಸರು ಹೇಳಿ. ‘ತಗೊಂಡೇ ಬನ್ನಿ, ಅದನ್ನ ನಿಲ್ಲಿಸಬೇಡಿ’ ಅಂತ ಥಟ್ಟನೆ ಬಂದರೆ ಮುಂದಿನ ಮಾತು. ‘ನೋಡೋಣ, ನಿಧಾನಕ್ಕೆ ಬಿಡಿಸೋಣ’ ಅಂದರೆ ಫೋನ್ ಇಡಿ. ಎಷ್ಟು ದುಡ್ಡು, ಎಷ್ಟು ಹೊತ್ತು, ಜೊತೆಗೆ ಒಬ್ಬರನ್ನು ಕರೆತರಬಹುದಾ ಅಂತಲೂ ಕೇಳಿಬಿಡಿ. ಮೊದಲ ದಿನ ಒಂದು ಸಲದ ಹಣ ಮಾತ್ರ ತಗೊಂಡು ಹೋಗಿ.

ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ಬೆಳಿಗ್ಗೆ ಆ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಅಂತ ಪೆನ್ಸಿಲಿನಲ್ಲಿ ಬರೆಯಿರಿ. ನೋವಿಗೆ ಹೋಗುವವರು ಎಷ್ಟು ಮೆಟ್ಟಿಲು ಹತ್ತಿದಿರಿ ಅಂತ ಬರೆಯಿರಿ. ಹೋಗುವ ಮುಂಚೆ ಒಂದು ವಾರ, ಹೋಗಲು ಶುರು ಮಾಡಿದ ಮೇಲೆ ನಾಲ್ಕು ವಾರ. ಆಮೇಲೆ ಕ್ಯಾಲೆಂಡರ್ ನೋಡಿದರೆ ಯಾರನ್ನೂ ಕೇಳುವುದೇ ಬೇಡ. ವ್ಯತ್ಯಾಸ ಇಲ್ಲದಿದ್ದರೆ ‘ಸದ್ಯಕ್ಕೆ ಸಾಕು ಮೇಡಂ’ ಅಂತ ಹೇಳಿ ಬಂದುಬಿಡಿ.

ಕ್ಯಾತ್ಸಂದ್ರದ ಅಕ್ಕ ಪಕ್ಕದ ಬೀದಿಯವರನ್ನು ಬಿಟ್ಟರು. ನಾನು ಹೋಗುತ್ತಿದ್ದ ಟೀಚರಿಗೆ ಫೋನ್ ಮಾಡಿ ಬಿಪಿ ಮಾತ್ರೆಯ ಪ್ರಶ್ನೆ ಕೇಳಿದರಂತೆ. “ಮಾತ್ರೆ ನುಂಗಿ, ತಿಂಡಿ ತಿಂದು, ಹನ್ನೊಂದಕ್ಕೆ ಬನ್ನಿ” ಅಂದರಂತೆ. ಗುರುವಾರ ಹೋಗುತ್ತಿದ್ದಾರೆ. ಮಗಳು ಜೊತೆಗೆ ಹೋಗುತ್ತಾಳೆ.